ವಾದ್ಯ ಕೊಟ್ಟಿರಿ, ಕಲಿಸುವವರಿಗೂ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಮುಂಬೈಯಲ್ಲಿ ಪಾಲಿಕೆ ಶಾಲೆಯ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳು. ಊರು ಗದಗ, ಈಗ ಇರುವುದು ಡೊಂಬಿವಲಿಯಲ್ಲಿ. ಎರಡು ವರ್ಷದಿಂದ ಪ್ರತಿ ಭಾನುವಾರ ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬೈಯ ತುರ್ಭೆಗೆ ಹೋಗುತ್ತೇನೆ. ಅಲ್ಲಿ ಭಜನಾ ಮಂಡಳಿಯೊಂದರ ಕೋಣೆಯಲ್ಲಿ ನಮ್ಮ ಸಂಗೀತದ ಪಾಠ ನಡೆಯುತ್ತದೆ. ಹಾಡು, ಹಾರ್ಮೋನಿಯಂ ನನ್ನ ಪಾಲಿಗೆ. ತಬಲಾಕ್ಕೆ ಕಲಬುರಗಿ ಕಡೆಯ ಮೇಷ್ಟ್ರೊಬ್ಬರು ಬರುತ್ತಾರೆ. ಮಕ್ಕಳು 22 ಜನ. ಹೆಚ್ಚಿನವರ ಅಪ್ಪ ಅಮ್ಮ ಯಾದಗಿರಿ, ವಿಜಯಪುರ ಕಡೆಯಿಂದ ಬಂದು, ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಜಾಗದಲ್ಲಿ, ನಿಂತು ಕೂಲಿ ಹುಡುಕುವವರು.

ಅವರಲ್ಲೊಬ್ಬ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ತೀನ್‌ತಾಲ ಎಂಬ ತಾಳದ 16 ಮಾತ್ರೆ (ಎಣಿಕೆ) ಎಲ್ಲರಿಗಿಂತ ಮೊದಲು ಅವನ ಬಾಯಿಗೆ ಬಂತು, ಆಮೇಲೆ ಕೈಗೆ. ಇನ್ನೊಬ್ಬಳಿಗೆ ಕಿವಿ ಬಹಳ ಮಂದ. ಮೊದಮೊದಲು ಮೂಲೆಯಲ್ಲಿ ಸುಮ್ನೆ ಕೂತಿರುತ್ತಿದ್ದಳು. ಒಂದು ದಿನ ಮೇಷ್ಟ್ರು ಅವಳ ಅಂಗೈಯನ್ನು ಡಗ್ಗಾದ (ತಬಲಾ ಜೋಡಿಯ ದೊಡ್ಡದರ) ಮೈಗೆ ಒತ್ತಿ ಹಿಡಿದು ಬಾರಿಸಿದರು. ಅವಳು ಕೈ ತೆಗೆಯಲೇ ಇಲ್ಲ. ಈಗ ಪಕ್ಕದವರ ಬೆರಳು ನೋಡುತ್ತಾ ಸರಿಯಾಗಿ ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬೀಳುತ್ತಾಳೆ. ಇದಕ್ಕೆ ಎಂಟು ತಿಂಗಳು ಬೇಕಾಯಿತು.

ಹೋದ ವರ್ಷ ಒಂದು ಕಂಪನಿಯ ಸಿಎಸ್‌ಆರ್ ಹಣಕ್ಕೆ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣಕ್ಕೆ, ಕೇಳಿಕೊಂಡೆವು. ಮೇಷ್ಟ್ರಿಗೆ ತಿಂಗಳಿಗೆ 6 ಸಾವಿರ ಗೌರವಧನ, ಕಾಲು ಸರಿಯಿಲ್ಲದ ಒಬ್ಬ ಹುಡುಗಿಗೆ ರಿಕ್ಷಾ ಬಾಡಿಗೆ, ಮಕ್ಕಳಿಗೆ ತಿಂಡಿ, ತಬಲಾದ ಚರ್ಮ ಬದಲಿಸುವ ಖರ್ಚು. ನಾವು ಕೇಳಿದ್ದು ಇಷ್ಟೇ. ಸಂಬಳಕ್ಕೆ ಕೊಡುವುದಿಲ್ಲ, ವಸ್ತು ಏನಾದರೂ ಕೇಳಿ ಎಂದರು. ನಾಲ್ಕು ಕೀಬೋರ್ಡು ಬಂದವು. ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಅವರ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೀಬೋರ್ಡು ಕಲಿಸುವವರೇ ನಮ್ಮಲ್ಲಿಲ್ಲ. ಎರಡು ಇನ್ನೂ ಡಬ್ಬದಲ್ಲೇ ಇವೆ. ಮೇಷ್ಟ್ರು ಮಾತ್ರ ಆಗಸ್ಟ್‌ನಿಂದ ಒಂದು ಪೈಸೆ ಇಲ್ಲದೆ ಬರುತ್ತಿದ್ದಾರೆ. ಭಾನುವಾರ ಅವರಿಗೆ ಭಜನೆ, ಮದುವೆ ಕಾರ್ಯಕ್ರಮಗಳು ಸಿಗುವ ದಿನ. ಅದನ್ನು ಬಿಟ್ಟು ಬರುತ್ತಾರೆ.

ಸಂಬಳಕ್ಕೆ ಕೊಡುವುದಿಲ್ಲ ಎಂಬ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ತಂಗಿಯ ಮಗ ಸಿಎ. ಅವನನ್ನು ಕೂರಿಸಿಕೊಂಡು ಕಾನೂನು ಓದಿಸಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು. ವರ್ಷಕ್ಕೆ 5 ಕೋಟಿ ಲಾಭ ಇರುವ ಕಂಪನಿಯೂ ಇದರಡಿ ಬರುತ್ತದೆ. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ಪಾಲು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಮಾಡಬಹುದು ಎಂಬ ಪಟ್ಟಿಯಲ್ಲಿ ಶಿಕ್ಷಣ ಇದೆ, ವಿಶೇಷ ಮಕ್ಕಳ ಶಿಕ್ಷಣ ಇದೆ, ಕಲೆ, ಸಂಸ್ಕೃತಿ ಇದೆ. ಕಲಿಸುವವರಿಗೆ ಕೊಡಬಾರದು ಎಂದು ಅದರಲ್ಲಿಲ್ಲ. ಇನ್ನೊಂದು ವಿಷಯ ಗೊತ್ತಾಗಿ ನನಗೆ ಆಶ್ಚರ್ಯವೇ ಆಯಿತು. 2021ರಲ್ಲಿ ತಿದ್ದಿದ ನಿಯಮದ ಪ್ರಕಾರ, ಶುರುವಾದ ವರ್ಷ ಬಿಟ್ಟು ಮುಂದೆ ಮೂರು ವರ್ಷದವರೆಗೆ ಒಂದೇ ಯೋಜನೆ ನಡೆಸಬಹುದು. ಹಾಗಿದ್ದರೆ ಒಂದು ವರ್ಷಕ್ಕೇ ಏಕೆ ಕೈ ತೊಳೆದುಕೊಳ್ಳಬೇಕು? ಒಂದು ವರ್ಷದಲ್ಲಿ ಮಗುವಿಗೆ ಸ್ವರ ನಿಲ್ಲುವುದೇ ಕಷ್ಟ ಅಲ್ವಾ?

ಗದಗಿನವಳಾದ ನನಗೆ ವೀರೇಶ್ವರ ಪುಣ್ಯಾಶ್ರಮ ನೆನಪಾಗದೆ ಇರುವುದಿಲ್ಲ. ಪಂಚಾಕ್ಷರಿ ಗವಾಯಿಗಳಿಗೂ, ಅವರ ನಂತರ ಬಂದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಇಟ್ಟುಕೊಂಡು, ಊಟ ಹಾಕಿ ಸಂಗೀತ ಕಲಿಸಿದರು. ಆ ಖರ್ಚಿಗೆ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಅಲ್ಲಿ ಊಟವೂ ಪಾಠದ ಭಾಗವೇ ಆಗಿತ್ತು. ನಮ್ಮ ಅರ್ಜಿಯಲ್ಲಿ ತಿಂಡಿಯ ಸಾಲಿಗೆ ಕೆಂಪು ಗೆರೆ ಬಿದ್ದಾಗ ನನಗೆ ಅಳು ಬಂತು. ಕೆಲವು ಮಕ್ಕಳು ಬರೀ ಚಹಾ ಕುಡಿದು ಬಂದಿರುತ್ತಾರೆ. ಹಸಿದ ಹೊಟ್ಟೆಯಲ್ಲಿ ಉಸಿರು ಹಿಡಿದು ಹಾಡುವುದು ಹೇಗೆ?

ನಮ್ಮಂಥ ಸಣ್ಣ ತರಗತಿಗಳಿಗೆ ಇನ್ನೊಂದು ತೊಡಕು ಇದೆ. ಈ ಹಣ ನೇರವಾಗಿ ಬರಬೇಕಾದರೆ ಸಂಸ್ಥೆಯ ನೋಂದಣಿ ಬೇಕು, 12ಎ, 80ಜಿ ಎಂಬ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಬೇಕು, ಈ ಹಣ ಪಡೆಯುವ ಸಂಸ್ಥೆಗಳು ಸರ್ಕಾರಕ್ಕೆ ಕೊಡುವ ಸಿಎಸ್‌ಆರ್-1 ಅರ್ಜಿ ತುಂಬಿರಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಲೆಕ್ಕ ಸರಿ ಇರಬೇಕು, ಅದನ್ನು ಒಪ್ಪುತ್ತೇನೆ. ಆದರೆ ಎರಡು ವರ್ಷದ ಭಾನುವಾರದ ಪಾಠ ಇದನ್ನೆಲ್ಲ ಎಲ್ಲಿಂದ ತರಬೇಕು? ಮುಂಬೈಯಲ್ಲಿ ನಮ್ಮ ಕನ್ನಡ ಸಂಘಗಳಿಗೆ ಏನೂ ಕೊರತೆಯಿಲ್ಲ. ಹಗಲಿಡೀ ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರಿಗೆ ರಾತ್ರಿ ಶಾಲೆ ನಡೆಸಿದ ಸಂಘಗಳು ಇವು. ಎಲ್ಲ ಕಾಗದಪತ್ರ ಇರುವ ಒಂದು ಸಂಘ ಮುಂದೆ ಬಂದು, ಇಂಥ ನಾಲ್ಕೈದು ತರಗತಿಗಳ ಪರವಾಗಿ ಅರ್ಜಿ ಹಾಕಿ, ಲೆಕ್ಕ ನೋಡಿಕೊಂಡರೆ ಸಾಕು. ತಿಂಗಳ ಹಾಜರಿ, ಖರ್ಚಿನ ಚೀಟಿ ನಾನೇ ಬರೆದು ಕೊಡುತ್ತೇನೆ. 30 ವರ್ಷ ಹಾಜರಿ ಪುಸ್ತಕ ಬರೆದ ಕೈ ಇದು.

ಕಂಪನಿಗಳಲ್ಲಿ ಈ ಹಣ ನೋಡಿಕೊಳ್ಳುವ ಕನ್ನಡಿಗರೂ ಈ ಪತ್ರ ಓದುತ್ತಿರಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟು. ಮಾರ್ಚ್ 31ಕ್ಕೆ ನಿಮ್ಮ ವರ್ಷ ಮುಗಿಯುತ್ತದೆ. ಅದಕ್ಕೆ ಮೊದಲು ಒಂದು ಭಾನುವಾರ ಬೆಳಿಗ್ಗೆ 10 ಗಂಟೆಗೆ ತುರ್ಭೆಗೆ ಬನ್ನಿ. ಚಾಪೆಯ ಮೇಲೆ ನಮ್ಮ ಜೊತೆ ಒಂದು ಗಂಟೆ ಕೂತು, ಮೇಷ್ಟ್ರು ಕಲಿಸುವುದನ್ನು ನೋಡಿ. ಅವರ ಆಗಸ್ಟ್‌ನಿಂದ ಇಲ್ಲಿಯವರೆಗಿನ ಲೆಕ್ಕ ನನ್ನ ಚೀಲದಲ್ಲೇ ಇರುತ್ತದೆ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕಿ, ಡೊಂಬಿವಲಿ