ಮಗಳಿಗೊಂದು ಪತ್ರ: ಓದೋ, ಮ್ಯಾನೇಜರ್ ಹುದ್ದೆಯೋ

ಮಂಡ್ಯ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು. ನಾನು, ನಿನ್ನ ಅಮ್ಮ ಇಲ್ಲಿ ಕ್ಷೇಮವಾಗಿದ್ದೇವೆ.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಕೊಡಬಹುದಾಗಿತ್ತು. ಆದರೆ ಬಾಯಿಗೆ ಬಂದ ಮೊದಲ ಮಾತು ಸಂಬಳದ್ದಾಗಿತ್ತು. ಅದು ನನಗೇ ಸರಿ ಎನಿಸಲಿಲ್ಲವಾದ್ದರಿಂದ ಸುಮ್ಮನಾದೆ. ಹನ್ನೊಂದು ಜನರ ತಂಡಕ್ಕೆ ನಿನ್ನನ್ನು ಮ್ಯಾನೇಜರ್ ಮಾಡುತ್ತೇವೆ, ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸು ಎಂದು ಕಂಪನಿಯವರು ಹೇಳಿದ್ದಾರೆ. ಇತ್ತ ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು ಎಂ.ಟೆಕ್. ಸೀಟು ಸಿಗುವ ಸಂಭವವೂ ಇದೆ. ಏಳು ವರ್ಷ ಪ್ರೋಗ್ರಾಮ್ ಬರೆದವಳು ಈಗ ಯಾವ ಕಡೆಗೆ ಹೆಜ್ಜೆ ಇಡಬೇಕು ಎಂದು ಕೇಳಿದೆ. ನಾಲ್ಕು ದಿನ ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ನೀನು ಓದಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಏಕೆ ಎಂಬುದನ್ನು ತಿಳಿಸಲು ನನ್ನದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅದನ್ನು ಇದುವರೆಗೆ ನಿನಗೆ ಪೂರ್ತಿಯಾಗಿ ಹೇಳಿಲ್ಲ.

ಸಿವಿಲ್ ಡಿಪ್ಲೊಮಾ ಮುಗಿಸಿ 1986ರಲ್ಲಿ ನಾನು ವಿಶ್ವೇಶ್ವರಯ್ಯ ನಾಲೆಯ ಕೆಲಸಕ್ಕೆ ಸೇರಿದೆ. ಕನ್ನಂಬಾಡಿಯಿಂದ ನೀರು ಬಿಟ್ಟ ದಿನದಿಂದ, ಸರದಿಯಂತೆ ನೀರು ಹರಿಸುವ ಕಟ್ಟು ಪದ್ಧತಿ ಮುಗಿಯುವವರೆಗೆ, ಯಾವ ತೂಬನ್ನು ಎಷ್ಟು ಎತ್ತಿದರೆ ಕೊನೆಯ ಗದ್ದೆಗೆ ನೀರು ಮುಟ್ಟುತ್ತದೆ ಎಂಬುದನ್ನು, ತೂಬುಗಳನ್ನು ನೋಡಿಕೊಳ್ಳುವ ಸೌಡಿಗಳ ಜೊತೆ ನಾಲೆಯ ಏರಿಯ ಮೇಲೆ ಸೈಕಲ್ ತುಳಿಯುತ್ತಾ ಕಲಿತೆ. ತೂಬಿನ ಬಾಗಿಲು ಅಷ್ಟೇ ತೆರೆದಿದ್ದರೂ, ಹಿಂದೆ ನಿಂತ ನೀರು ಎರಡು ಪಟ್ಟು ಏರಿದಾಗ ಹರಿವು ಎರಡು ಪಟ್ಟಾಗುವುದಿಲ್ಲ ಎಂಬುದನ್ನು ಅಳತೆಪಟ್ಟಿಯಲ್ಲಿ ಎಷ್ಟೋ ಸಲ ಕಂಡಿದ್ದೆ. ಏಕೆ ಹಾಗೆ ಎಂಬುದು ಮಾತ್ರ ಮನಸ್ಸಿನಲ್ಲಿ ನಿಂತಿರಲಿಲ್ಲ. ಡಿಪ್ಲೊಮಾದಲ್ಲಿ ಆ ಸೂತ್ರವನ್ನು ಉರು ಹೊಡೆದು ಪಾಸಾಗಿ ಮರೆತಿದ್ದೆ. ಮುಂದೆ ಎ.ಎಂ.ಐ.ಇ. ಕಟ್ಟಿದೆ. ಕೆಲಸದಲ್ಲಿದ್ದುಕೊಂಡೇ ಪರೀಕ್ಷೆ ಬರೆದು ಎಂಜಿನಿಯರಿಂಗ್ ಪದವಿಗೆ ಸಮನಾದ ಅರ್ಹತೆ ಪಡೆಯಲು ಡಿಪ್ಲೊಮಾದವರಿಗೆ ಆಗ ಇದ್ದ ದಾರಿ ಅದು. ಒಂದು ರಾತ್ರಿ ಪುಸ್ತಕದಲ್ಲಿ ಮತ್ತೆ ಅದೇ ಸೂತ್ರ ಎದುರಾಯಿತು: ಹರಿವು ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ, ಎತ್ತರ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟಾಗುತ್ತದೆ. ಐದಾರು ವರ್ಷ ಕಣ್ಣಾರೆ ಕಂಡದ್ದನ್ನು ಒಂದು ಸಾಲು ಬಿಡಿಸಿ ಹೇಳಿತ್ತು. ಆ ರಾತ್ರಿಯ ಸಂತೋಷ ನನಗೆ ಇವತ್ತಿಗೂ ನೆನಪಿದೆ. ಕೆಲಸ ಮಾಡಿ ಬಂದವನು ಓದುವ ಓದೇ ಬೇರೆ, ಮಗಳೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅದು ಪರೀಕ್ಷೆಯ ಪ್ರಶ್ನೆಯಾಗಿತ್ತು. ಆ ರಾತ್ರಿ ಅದು ನನ್ನ ಪ್ರಶ್ನೆಯಾಗಿತ್ತು.

ಎ.ಎಂ.ಐ.ಇ.ಯ ಮೊದಲ ಭಾಗವಾದ ಸೆಕ್ಷನ್ ಎ ಮುಗಿಸಿದೆ. ಸೆಕ್ಷನ್ ಬಿ ಯಲ್ಲಿ ಎರಡು ವಿಷಯ ಉಳಿದಿದ್ದಾಗ, ನೀನು ಹುಟ್ಟಿದ ವರ್ಷ, ನನ್ನನ್ನು ಏರಿಯ ಮೇಲಿನಿಂದ ಕಚೇರಿಗೆ ತಂದು ಮೇಜು ಕೊಟ್ಟರು. ಮನೆಮಂದಿಗೆಲ್ಲ ಸಂತೋಷವಾಯಿತು, ನನಗೂ ಆಯಿತು. ಹಾಜರಿ, ರಜೆ, ಬಿಲ್ಲು, ಟಿಪ್ಪಣಿ, ಮೇಲಿನವರ ಪತ್ರಕ್ಕೆ ಉತ್ತರ ಎಂದು ದಿನಗಳು ಉರುಳಿದವು. ಉಳಿದ ಎರಡು ವಿಷಯಗಳನ್ನು ಮುಂದಿನ ಸಲ ಬರೆಯುತ್ತೇನೆ ಎಂದುಕೊಳ್ಳುತ್ತಲೇ ನಿವೃತ್ತನಾದೆ. ಯಾರೂ ನನ್ನನ್ನು ತಡೆಯಲಿಲ್ಲ. ಓದು ಒಮ್ಮೆ ಕೈತಪ್ಪಿದರೆ ಸಂಜೆಯ ಹೊತ್ತಿಗೆ ಉಳಿಯುವ ಮನಸ್ಸು ಅದನ್ನು ಮತ್ತೆ ಹಿಡಿಯಲು ಸಾಲದು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಹಾಗೆಂದು ಜನರನ್ನು ನಡೆಸುವ ಕೆಲಸ ಕೀಳು ಎಂದು ತಿಳಿಯಬೇಡ. ನನ್ನ ಮೇಲಿದ್ದ ಒಬ್ಬ ಅಧಿಕಾರಿ ಯಾವ ಸೌಡಿಯ ಮನೆಯಲ್ಲಿ ಕಾಯಿಲೆಯಿದೆ, ಯಾರನ್ನು ರಾತ್ರಿ ಪಾಳಿಗೆ ಹಾಕಬಾರದು ಎಂಬುದನ್ನೆಲ್ಲ ತಿಳಿದಿದ್ದರು; ಬೇಸಿಗೆಯಲ್ಲಿ ನೀರಿಗಾಗಿ ಜಗಳ ಎದ್ದಾಗ ಎರಡೂ ಊರಿನವರು ಅವರ ಮಾತಿಗೆ ತಲೆಬಾಗುತ್ತಿದ್ದರು. ಅದೊಂದು ವಿದ್ಯೆ. ಅದು ನಿನಗೆ ಒಲಿಯುತ್ತದೆಯೇ ಎಂಬುದು ನೋಡಬೇಕಾದ ಮಾತು. ಹೊಸದಾಗಿ ಸೇರಿದ ಹುಡುಗನ ಪಕ್ಕದಲ್ಲಿ ಮೂರು ಸಂಜೆ ಕುಳಿತು ಅವನ ತಪ್ಪನ್ನು ಅವನಿಂದಲೇ ಹುಡುಕಿಸಿದೆ ಎಂದು ನೀನು ಹೇಳಿದಾಗ ನನಗೆ ಹೆಮ್ಮೆಯಾಯಿತು. ಆದರೆ ಅದು ಕಲಿಸುವ ಸಂತೋಷ. ಮ್ಯಾನೇಜರ್ ಆದವಳು ಅದೇ ಹುಡುಗನಿಗೆ ವರ್ಷದ ಕೊನೆಯಲ್ಲಿ ಅಂಕ ಹಾಕಬೇಕು, ಸಂಬಳ ಏಕೆ ಏರಲಿಲ್ಲ ಎಂದು ವಿವರಿಸಬೇಕು, ಯಾವತ್ತಾದರೂ ಕೆಲಸದಿಂದ ಬಿಡಿಸುವ ಮಾತನ್ನೂ ಆಡಬೇಕಾಗಬಹುದು. ಇವನ್ನು ನೆನೆದಾಗ ನಿನ್ನ ಮನಸ್ಸು ಏನು ಹೇಳುತ್ತದೆ ಎಂದು ಕೇಳಿಕೋ.

ನಾನು ಕಂಡದ್ದನ್ನು ಹೇಳುತ್ತೇನೆ. ಯುಗಾದಿಗೆ ಬಂದಾಗ ಜಗಲಿಯ ಮೇಲೆ ಕುಳಿತು, 1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿಜ್ಞಾನಿ ಬರೆದ ಪ್ರಬಂಧವನ್ನು ನನಗೆ ಬಿಡಿಸಿ ಹೇಳಿದೆಯಲ್ಲ? ಬೇರೆ ಬೇರೆ ಕಡೆ ಇರುವ ಕಂಪ್ಯೂಟರ್‌ಗಳ ಗಡಿಯಾರಗಳು ಒಂದಕ್ಕೊಂದು ಹೊಂದದಿದ್ದರೂ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಹೇಗೆ ಹೇಳುವುದು ಎಂಬ ಪ್ರಶ್ನೆ ಅದು. ನನಗೆ ಅರ್ಥವಾಗಲೆಂದು ನೀನು ನಾಲೆಯ ಉದಾಹರಣೆಯನ್ನೇ ಕೊಟ್ಟೆ: ಮೇಲಿನ ತೂಬಿನ ಸೌಡಿಯ ಗಡಿಯಾರ ಮುಂದಿರಲಿ, ಕೆಳಗಿನವನದು ಹಿಂದಿರಲಿ, ಮೇಲಿನವನು ಚೀಟಿ ಕಳುಹಿಸಿದ್ದು ಕೆಳಗಿನವನು ಚೀಟಿ ಪಡೆದದ್ದಕ್ಕಿಂತ ಮೊದಲು ಎಂಬುದರಲ್ಲಿ ಸಂಶಯವಿಲ್ಲ ತಾನೇ ಎಂದೆ. ಕಾಫಿ ಆರಿಹೋದದ್ದೂ ನಿನಗೆ ಗೊತ್ತಾಗಲಿಲ್ಲ. ಮ್ಯಾನೇಜರ್ ಹುದ್ದೆಯ ಬಗ್ಗೆ ಹೇಳುವಾಗ ನೀನು ಸಂಬಳ, ಕ್ಯಾಬಿನ್ ಮತ್ತು ಜೊತೆಯವರು ಏನೆಂದಾರು ಎಂಬುದನ್ನಷ್ಟೇ ಹೇಳಿದೆ. ನನ್ನ ಅಭಿಪ್ರಾಯ ರೂಪುಗೊಂಡದ್ದು ಈ ವ್ಯತ್ಯಾಸದಿಂದ.

ಈಗ ಬೇಡ ಎಂದರೆ ಆಡಳಿತದ ಬಾಗಿಲು ಮುಚ್ಚಿಹೋಗುತ್ತದೆ ಎಂಬ ಭಯ ಬೇಡ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದ ಫ್ರೆಡ್ ಬ್ರೂಕ್ಸ್ ಅವರ ಬಗ್ಗೆ ನೀನೇ ಹೇಳಿದ್ದೆ. ಅವರು 1956ರಲ್ಲಿ ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮುಗಿಸಿದ ಮೇಲೆ ಐಬಿಎಂ ಕಂಪನಿ ಸೇರಿ, ಸಿಸ್ಟಮ್/360 ಎಂಬ ಬೃಹತ್ ಕಂಪ್ಯೂಟರ್ ಯೋಜನೆಯನ್ನು ನಡೆಸಿದರು. 1964ರಲ್ಲಿ ಅದನ್ನು ಬಿಟ್ಟು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗವನ್ನು ಕಟ್ಟಿದರು. ಓದಿನಿಂದ ಆಡಳಿತಕ್ಕೆ, ಆಡಳಿತದಿಂದ ಮತ್ತೆ ವಿದ್ಯೆಗೆ ಅವರು ನಡೆದರು. ಅವರಂಥವರು ವಿರಳ, ನಿಜ. ಆದರೂ ಅವರ ಓದು ಮೊದಲು ಮುಗಿದಿತ್ತು ಎಂಬುದನ್ನು ಗಮನಿಸು.

ಎಐ ಕೋಡ್ ಬರೆಯುವ ಕಾಲ ಬಂದಿದೆ, ಮ್ಯಾನೇಜರ್ ಆದರೆ ಕ್ಷೇಮ ಎಂದು ನಿನ್ನ ಗೆಳತಿ ಹೇಳಿದಳಂತೆ. ಹೆದರಿ ಓಡುವವರಿಗೆ ಎರಡು ದಾರಿಯಲ್ಲೂ ನೆಮ್ಮದಿ ಸಿಗುವುದಿಲ್ಲ. ಯಂತ್ರ ಬರೆದ ಕೋಡ್ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಬೇಕೇ ಬೇಕು, ಅದಕ್ಕೆ ಆಳವಾದ ತಿಳಿವಳಿಕೆ ಬೇಕು ಎಂದು ನನಗೆ ತೋರುತ್ತದೆ.

ಹಣದ ಮಾತು. ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ನಿನ್ನ ಈಗಿನ ಸಂಬಳದ ಮುಂದೆ ಅದು ಏನೂ ಅಲ್ಲ. ಎರಡು ವರ್ಷ ಕೈ ಬಿಗಿಹಿಡಿಯಬೇಕಾಗುತ್ತದೆ. ಮನೆಯ ಸಾಲದ ಕೊನೆಯ ಕಂತು ಕಳೆದ ವರ್ಷ ಮುಗಿದಿದೆ, ನನ್ನ ಪಿಂಚಣಿ ನಮ್ಮಿಬ್ಬರಿಗೆ ಸಾಕು; ನಮಗೆ ಹಣ ಕಳುಹಿಸಬೇಕೆಂಬ ಲೆಕ್ಕವನ್ನು ನಿನ್ನ ತಲೆಯಿಂದ ತೆಗೆದುಹಾಕು. ನಿನ್ನ ಸೋದರತ್ತೆ ಮದುವೆಯ ಮಾತೆತ್ತಿದ್ದಾಳೆ, ಅದನ್ನೂ ಇದರೊಳಗೆ ಬೆರೆಸಬೇಡ.

ಒಪ್ಪಿಗೆ ಕೊಡುವ ಮೊದಲು ಎರಡು ವಿಷಯ ವಿಚಾರಿಸು. ಜನರನ್ನು ನಡೆಸದೆ, ತಾಂತ್ರಿಕ ಕೆಲಸದಲ್ಲೇ ಇದ್ದು ಮೇಲೇರುವ ಹುದ್ದೆಗಳು ಕೆಲವು ಕಂಪನಿಗಳಲ್ಲಿ ಇರುತ್ತವೆ ಎಂದು ನೀನೇ ಹೇಳಿದ್ದೆ. ನಿಮ್ಮಲ್ಲಿ ಇದೆಯೇ, ಆ ಹುದ್ದೆಯಲ್ಲಿ ನಿಜವಾಗಿ ಯಾರಾದರೂ ಇದ್ದಾರೆಯೇ ಎಂದು ಕೇಳು. ಕೆಲಸ ಬಿಡಲು ಮನಸ್ಸು ಬಾರದಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಉದ್ಯೋಗದಲ್ಲಿರುವವರಿಗಾಗಿಯೇ ಆನ್‌ಲೈನ್ ಎಂ.ಟೆಕ್. ನಡೆಸುತ್ತಿದೆ, ಅದರ ನಿಯಮಗಳನ್ನು ಓದು. ಆದರೆ ಸಂಜೆಯ ಓದು ಏನಾಗುತ್ತದೆ ಎಂಬುದನ್ನು ಮೇಲೆ ಬರೆದಿದ್ದೇನೆ. ಗೇಟ್ ಅಂಕಕ್ಕೆ ಫಲಿತಾಂಶದ ದಿನದಿಂದ ಮೂರು ವರ್ಷ ಮಾನ್ಯತೆ ಇರುವುದರಿಂದ ಈ ವರ್ಷವೇ ಸೇರಬೇಕೆಂದಿಲ್ಲ. ಮುಂದಿನ ವರ್ಷವೆಂದು ಮುಂದೂಡಿದರೆ ನನಗೆ ಕಳವಳವಾಗುವುದು ಮಾತ್ರ ನಿಜ.

ಇಷ್ಟೆಲ್ಲ ಕೇಳಿದ ಮೇಲೂ ನೀನು ಮ್ಯಾನೇಜರ್ ಆಗುತ್ತೇನೆ ಎಂದರೆ, ಕಾರಣ ನಿನ್ನದೇ ಆಗಿದ್ದರೆ, ನಾನು ಎರಡನೆಯ ಮಾತು ಆಡುವುದಿಲ್ಲ. ಭಾನುವಾರ ಬೆಳಗಿನ ರೈಲಿಗೆ ಬಾ, ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ಬರುವಾಗ ನೀನು ನೋಡಿಟ್ಟಿರುವ ಎಂ.ಟೆಕ್. ಪಠ್ಯಕ್ರಮದ ಪ್ರತಿಯನ್ನೂ ತಾ. ಯಾವ ವಿಷಯಗಳ ಕೆಳಗೆ ಗೆರೆ ಎಳೆದಿದ್ದೀಯೆ ಎಂದು ನೋಡಬೇಕು.

ಇಂತಿ,
ನಿನ್ನ ಅಪ್ಪ