ತಪ್ಪು ನನ್ನ ವಿದ್ಯಾರ್ಥಿಗಳದ್ದಲ್ಲ: ನಿಮ್ಮ ಲೈವ್ ವಿಡಿಯೋ ಸೇವೆಯ ಬಗ್ಗೆ ಒಂದು ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ನನ್ನ ವೆಬ್‌ಸೈಟ್‌ಗೆ ಸೇರಿಸಿದ ಲೈವ್ ಮೀಟಿಂಗ್ ಮತ್ತು ವೆಬಿನಾರ್ ಸರಿಯಾಗಿ ನಡೆಯದೇ ಇರುವುದು, ಹಾಗೂ ನನ್ನ ದೂರನ್ನು ನೆಟ್ಟಗೆ ಓದದೆಯೇ ಮುಚ್ಚಿರುವುದು.

ಮಾನ್ಯರೇ,

ಇದೇ ವಿಷಯಕ್ಕೆ ನಾನು ನಿಮಗೆ ಬರೆಯುತ್ತಿರುವುದು ಇದು ನಾಲ್ಕನೇ ಸಲ. ಮೊದಲ ಮೂರನ್ನೂ ನಿಮ್ಮ ಸಹಾಯ ವಿಭಾಗ 'ಪರಿಹಾರವಾಗಿದೆ' ಅಂತ ಗುರುತು ಹಾಕಿ ಮುಚ್ಚಿದೆ. ಪರಿಹಾರ ಯಾರಿಗಾಯಿತೋ, ನನಗಂತೂ ಆಗಿಲ್ಲ. ಹಾಗಾಗಿ ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿ.

ನಾನು ಹೊಲಿಗೆ ಕಲಿಸುತ್ತೇನೆ. ನನ್ನದೇ ಒಂದು ವೆಬ್‌ಸೈಟ್ ಇದೆ, ಅದರಲ್ಲಿ ರೆಕಾರ್ಡ್ ಮಾಡಿದ ಪಾಠಗಳಿವೆ. ಅವನ್ನು ನೋಡಿ ಕಲಿಯುವವರು ಒಂದೇ ಸಮನೆ ಕೇಳುತ್ತಿದ್ದರು: ಲೈವ್ ಆಗಿ ಮಾಡಿ ಮೇಡಂ, ನಮ್ಮ ಹೊಲಿಗೆ ತೋರಿಸಬೇಕು, ಎಲ್ಲಿ ತಪ್ಪಿದೆ ಅಂತ ನೀವೇ ಹೇಳಬೇಕು. ಬೇರೆ ಆ್ಯಪ್ ಹಾಕಿಸಿ, ಲಿಂಕ್ ಕಳಿಸಿ, ಪಾಸ್‌ವರ್ಡ್ ಕೊಟ್ಟು, ಅದು ಯಾರಿಗೋ ಸಿಗದೆ, ಮತ್ತೆ ಫೋನ್ ಮಾಡಿ, ಈ ಎಲ್ಲ ಗೋಜು ಬೇಡ ಅನ್ನಿಸಿತು. ಪಾಠ ಇರುವ ಪುಟದಲ್ಲೇ ವಿಡಿಯೋ ತೆರೆದುಕೊಂಡರೆ ಎಷ್ಟು ಚೆನ್ನ! ನಿಮ್ಮ ಜಾಹೀರಾತು ಹೇಳಿದ್ದೂ ಅದನ್ನೇ. ಒಂದು ಸಾಲು ಕೋಡ್ ಅಂಟಿಸಿ, ಅಷ್ಟೇ. ಆ ಒಂದು ಸಾಲನ್ನು ನಂಬಿ ಇಡೀ ವರ್ಷದ ಚಂದಾ ಒಟ್ಟಿಗೆ ಕಟ್ಟಿದೆ.

ಮೊದಲ ಶನಿವಾರ ಸಣ್ಣ ಮೀಟಿಂಗ್ ಇಟ್ಟೆ, 14 ಜನ. ಎಲ್ಲರೂ ಕ್ಯಾಮೆರಾ ಹಾಕಿ ತಾವು ಹೊಲಿದ ಕಾಜಾ ತೋರಿಸಬೇಕಿತ್ತು. ಎಲ್ಲರೂ ಒಳಗೆ ಬಂದರು. ನನ್ನ ಮುಖ ಅವರಿಗೆ ಕಂಡಿತು, ಮಾತು ಕೇಳಿಸಿತು. ಆದರೆ ಅವರಲ್ಲಿ 13 ಜನರ ಮುಖ ನನಗೆ ಕಾಣಲಿಲ್ಲ. ಮೈಕ್ ಗುಂಡಿ ಒತ್ತಿದರೆ ನಿಮ್ಮ ಪರದೆ ಹೇಳಿದ್ದು ಹೀಗೆ: 'ನೀವು ಕ್ಯಾಮೆರಾ ಮತ್ತು ಮೈಕ್‌ಗೆ ಅನುಮತಿ ನಿರಾಕರಿಸಿದ್ದೀರಿ.'

ಯಾರೂ ನಿರಾಕರಿಸಿರಲಿಲ್ಲ. ಅನುಮತಿ ಕೊಡಿ ಅಂತ ಬ್ರೌಸರ್ ಅವರನ್ನು ಕೇಳಿಯೇ ಇರಲಿಲ್ಲ!

ನನ್ನ ತರಗತಿಯಲ್ಲಿ ವಯಸ್ಸಾದ ಒಬ್ಬರು ಅಮ್ಮ ಇದ್ದಾರೆ. ಅವರು ಆ ಸಂದೇಶ ನೋಡಿ ಹೆದರಿಬಿಟ್ಟರು. 'ನಾನು ಏನೂ ಒತ್ತಿಲ್ಲಮ್ಮ, ಏನೋ ಕೆಡಿಸಿಬಿಟ್ಟೆ ಅನ್ನಿಸುತ್ತೆ' ಅಂತ ಚಾಟ್‌ನಲ್ಲಿ ಬರೆದರು. ಫೋನ್ ಮೂರು ಸಲ ಆಫ್ ಮಾಡಿ ಆನ್ ಮಾಡಿದರು. ಕೊನೆಗೆ ಹೊಲಿದ ಬಟ್ಟೆಯ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಕಳಿಸಿದರು. ಒಂದು ಗಂಟೆಯ ತರಗತಿಯಲ್ಲಿ 40 ನಿಮಿಷ ಇದಕ್ಕೇ ಹೋಯಿತು. ಮುಂದಿನ ವಾರ ಅವರು ಬರಲಿಲ್ಲ. ಕಾರಣ ಕೇಳಿದರೆ, 'ನನ್ನಿಂದ ಎಲ್ಲರಿಗೂ ತೊಂದರೆ ಯಾಕೆ' ಅಂದರು.

ಅವತ್ತೇ ನಿಮಗೆ ಬರೆದೆ. ನಿಮ್ಮ ಉತ್ತರ: 'ಭಾಗವಹಿಸುವವರ ಇಂಟರ್ನೆಟ್ ಪರೀಕ್ಷಿಸಿ, ಬ್ರೌಸರ್ ಕ್ಯಾಶೆ ತೆರವುಗೊಳಿಸಿ.' ಎರಡನೇ ಸಲ ಬರೆದಾಗ, 'ನಿಮ್ಮ ಸೈಟ್‌ನಲ್ಲಿ ಎಚ್‌ಟಿಟಿಪಿಎಸ್ ಇದೆಯೇ ನೋಡಿ.' ಇದೆ. ಮೊದಲ ದಿನದಿಂದಲೂ ಇದೆ. ಸೈಟ್‌ನ ಸಂಪರ್ಕವನ್ನು ಸುರಕ್ಷಿತವಾಗಿಡುವ ಆ ವ್ಯವಸ್ಥೆ ಇಲ್ಲದೆ ಕ್ಯಾಮೆರಾ ಕೇಳಲು ಕ್ರೋಮ್ 2015ರಿಂದಲೇ ಬಿಡುವುದಿಲ್ಲ, ಅಷ್ಟು ನನಗೂ ಗೊತ್ತು.

ನಿಮ್ಮವರು ಹುಡುಕದ ಕಾರಣವನ್ನು ಹುಡುಕಿಕೊಟ್ಟದ್ದು ಕೋಡ್ ಬರೆಯುವ ನನ್ನ ಒಬ್ಬ ಗೆಳತಿ. ಅವಳಿಗೆ ಬೇಕಾದದ್ದು ಹತ್ತು ನಿಮಿಷ, ಒಂದು ಲೋಟ ಕಾಫಿ. ಅವಳು ಮೊದಲು ಕೇಳಿದ್ದು, ಉಳಿದ ಆ ಒಬ್ಬರಿಗೆ ಮಾತ್ರ ಹೇಗೆ ಸರಿ ಬಂತು ಅಂತ. ವಿಚಾರಿಸಿದರೆ ಅವರು ನನ್ನ ಪುಟಕ್ಕೆ ಬಂದೇ ಇರಲಿಲ್ಲ. ನೀವು ಕಳಿಸಿದ ಈಮೇಲ್‌ನಲ್ಲಿದ್ದ ಲಿಂಕ್ ಒತ್ತಿ ನೇರವಾಗಿ ನಿಮ್ಮ ಸೈಟ್‌ನಲ್ಲೇ ಮೀಟಿಂಗ್ ತೆರೆದಿದ್ದರು. ಅಲ್ಲಿಗೆ ಗಂಟು ಬಿಚ್ಚಿತು. ನನ್ನ ಪುಟದೊಳಗೆ ನಿಮ್ಮ ವಿಡಿಯೋ ಕೂರುವುದು ಐಫ್ರೇಮ್ ಎಂಬ ಚೌಕಟ್ಟಿನಲ್ಲಿ. ಹೀಗೆ ಬೇರೆ ಸೈಟ್‌ನ ಚೌಕಟ್ಟು ಬಂದು ಕೂತರೆ, ಅದಕ್ಕೆ ಕ್ಯಾಮೆರಾ ಮೈಕ್ ಕೊಡಬಹುದು ಅಂತ ಆ ಕೋಡ್‌ನಲ್ಲೇ 'ಅಲೋ' ಎಂಬ ಅಟ್ರಿಬ್ಯೂಟ್ ಹಾಕಿ ಬರೆಯಬೇಕು. ಬರೆಯದಿದ್ದರೆ ಬ್ರೌಸರ್ ಬಾಗಿಲನ್ನೇ ತೆಗೆಯುವುದಿಲ್ಲ, ಬಳಸುವವರನ್ನು ಕೇಳುವುದೂ ಇಲ್ಲ. ಕ್ರೋಮ್ ಈ ನಿಯಮ ತಂದದ್ದು 2018ರಲ್ಲಿ, 64ನೇ ಆವೃತ್ತಿಯಲ್ಲಿ. ನೀವು ನನಗೆ ಕೊಟ್ಟ ಆ ಪ್ರಸಿದ್ಧ ಒಂದು ಸಾಲಿನಲ್ಲಿ 'ಅಲೋ' ಇಲ್ಲ. ಅಗಲ ಇದೆ, ಎತ್ತರ ಇದೆ, ನಿಮ್ಮ ಲೋಗೋ ತೋರಿಸುವ ವ್ಯವಸ್ಥೆಯೂ ಇದೆ. ಬೇಕಾದದ್ದು ಮಾತ್ರ ಇಲ್ಲ.

ಇನ್ನೊಂದು ಮಾತನ್ನೂ ಗೆಳತಿ ಹೇಳಿದಳು, ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಬಳಸುವವರು 'ಬೇಡ' ಅಂತ ಒತ್ತಿದರೂ, ಚೌಕಟ್ಟಿಗೆ ಅನುಮತಿಯೇ ಇಲ್ಲದಿದ್ದರೂ, ಬ್ರೌಸರ್ ಕೊಡುವ ದೋಷದ ಹೆಸರು ಒಂದೇ: ನಾಟ್‌ಅಲೌಡ್‌ಎರರ್, ಅಂದರೆ 'ಅನುಮತಿ ಇಲ್ಲ'. ನೀವು ಎರಡನ್ನೂ ಬೇರೆ ಮಾಡದೆ ಎಲ್ಲದಕ್ಕೂ 'ನೀವು ನಿರಾಕರಿಸಿದ್ದೀರಿ' ಅಂತ ಬರೆದಿಟ್ಟಿದ್ದೀರಿ. ಅಂದರೆ ನೀವು ಮರೆತ ಪದಕ್ಕೆ ಆ ಅಮ್ಮ ತಪ್ಪಿತಸ್ಥೆ ಆದರು. 'ಕ್ಯಾಮೆರಾ ಸಿಗುತ್ತಿಲ್ಲ' ಅಂತಷ್ಟೇ ಬರೆದಿದ್ದರೂ ಅವರು ಇವತ್ತು ತರಗತಿಯಲ್ಲಿ ಇರುತ್ತಿದ್ದರು.

ನನ್ನ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದಿನ ದಿನ ನಾನು ಪರೀಕ್ಷೆ ಮಾಡಿದ್ದು ನಿಮ್ಮ ಡ್ಯಾಶ್‌ಬೋರ್ಡ್‌ನಿಂದ. ಅದು ಐಫ್ರೇಮ್ ಅಲ್ಲವಲ್ಲ, ಎಲ್ಲ ಸರಿಯಾಗಿತ್ತು. ಕಲಿಯುವವರು ಬರುವ ಪುಟಕ್ಕೆ ಅವರ ಹಾಗೆಯೇ ಇನ್ನೊಂದು ಫೋನ್‌ನಿಂದ ಬಂದು ನೋಡಬೇಕಿತ್ತು. ನೋಡಲಿಲ್ಲ. ಆದರೆ ಹಾಗೆ ನೋಡಿ ಅಂತ ನಿಮ್ಮ ಕೈಪಿಡಿಯಲ್ಲೂ ಎಲ್ಲಿಯೂ ಇಲ್ಲ.

ಇನ್ನು ವೆಬಿನಾರ್ ಕಥೆ.

ನಿಮ್ಮ ಯೋಜನೆಯಲ್ಲಿ '500 ಜನರ ಲೈವ್ ಸಂವಾದ' ಅಂತ ಇದೆ. ನನ್ನ ವೆಬಿನಾರ್‌ಗೆ 212 ಜನ ಹೆಸರು ಕೊಟ್ಟಿದ್ದರು, ಬಂದವರು ಸುಮಾರು 160. ಪಾಠ ದಾರದ ಟೆನ್ಷನ್ ಬಗ್ಗೆ. ಹೊಲಿಗೆ ಕಲಿಯುವವರಿಗೆಲ್ಲ ತಲೆನೋವಿನ ವಿಷಯ ಅದು. ಮೇಲಿನ ದಾರ ಜಾಸ್ತಿ ಬಿಗಿಯಾದರೆ ಬಾಬಿನ್ ದಾರ ಮೇಲೆ ಕಾಣಿಸುತ್ತದೆ. ಇನ್ನೂ ಬಿಗಿ ಮಾಡಿದರೆ ದಾರ ಪಟ್ ಅಂತ ತುಂಡಾಗುತ್ತದೆ. ಡಯಲ್ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಎರಡು ಇಂಚು ಹೊಲಿದು, ನೋಡಿ, ಮತ್ತೆ ತಿರುಗಿಸಬೇಕು. ಮಾತು ಮತ್ತು ಕೈ ಒಟ್ಟೊಟ್ಟಿಗೆ ನಡೆಯಬೇಕಾದ ಪಾಠ.

'ಯಾರಿಗಾದರೂ ದಾರ ತುಂಡಾಗುತ್ತಿದೆಯಾ?' ಅಂತ ಕೇಳಿದೆ. ಚಾಟ್ ಖಾಲಿ. ಸರಿ, ಯಾರಿಗೂ ಇಲ್ಲ ಅಂದುಕೊಂಡು ಮುಂದೆ ಹೋದೆ. ಡಯಲ್ ಸಡಿಲಿಸಿ ಎರಡು ಇಂಚು ಹೊಲಿದು ತೋರಿಸಿ, 'ಎಲ್ಲರಿಗೂ ಹೀಗೇ ಬಂತಾ?' ಅಂದೆ. ತಕ್ಷಣ ಸಾಲುಸಾಲಾಗಿ ಬಂತು: 'ಹೌದು ಮೇಡಂ', 'ನಂದೂ ಹಾಗೇ', 'ನಂದೂ'. ನಾನು ಖುಷಿಯಾಗಿ 'ಭೇಷ್, ಬಹಳ ಚೆನ್ನಾಗಿ ಮಾಡಿದ್ದೀರಿ' ಅಂದೆ.

ಅವರು ಉತ್ತರ ಕೊಟ್ಟಿದ್ದು ಮೊದಲ ಪ್ರಶ್ನೆಗೆ. ದಾರ ತುಂಡು ಮಾಡಿಕೊಂಡು ಕೂತವರಿಗೆ ನಾನು ಶಭಾಷ್ ಹೇಳಿದ್ದೆ.

ಆಮೇಲೆ ಗಡಿಯಾರ ಇಟ್ಟು ಅಳೆದೆವು. ನಾನು ಮಾತಾಡಿದ್ದು ಅವರಿಗೆ ತಲುಪಲು ಸುಮಾರು 25 ಸೆಕೆಂಡ್. ಕಾರಣ ನಿಮ್ಮ ದಾಖಲೆಗಳ ಯಾವುದೋ ಮೂಲೆಯಲ್ಲಿ ಸಿಕ್ಕಿತು: 100 ಜನ ದಾಟಿದರೆ ನೀವು ವೆಬ್‌ಆರ್‌ಟಿಸಿ ಬಿಟ್ಟು ಎಚ್‌ಎಲ್‌ಎಸ್‌ಗೆ ಬದಲಾಯಿಸುತ್ತೀರಿ. ವೆಬ್‌ಆರ್‌ಟಿಸಿ ಅಂದರೆ ಮಾತು, ವಿಡಿಯೋವನ್ನು ಬ್ರೌಸರ್‌ನಲ್ಲೇ ಆಗಿಂದಾಗಲೇ ಹಾಯಿಸುವ ವಿಧಾನ. ಎಚ್‌ಎಲ್‌ಎಸ್ ಅಂದರೆ ವಿಡಿಯೋವನ್ನು ತುಂಡು ತುಂಡಾಗಿ ಕಳಿಸುವ ವಿಧಾನ. ಅದನ್ನು ರೂಪಿಸಿದ ಆ್ಯಪಲ್ ಒಂದೊಂದು ತುಂಡು 6 ಸೆಕೆಂಡ್ ಇರಲಿ ಅನ್ನುತ್ತದೆ. ಪ್ಲೇಯರ್ ಮೂರು ತುಂಡು ಹಿಂದಿನಿಂದ ಶುರು ಮಾಡಿದರೆ ಅಲ್ಲಿಗೇ 18 ಸೆಕೆಂಡ್ ಆಯಿತು. ವೆಬ್‌ಆರ್‌ಟಿಸಿಯಲ್ಲಿ ಇದು ಸಾಮಾನ್ಯವಾಗಿ ಅರ್ಧ ಸೆಕೆಂಡಿಗಿಂತ ಕಡಿಮೆ.

ನೂರಾರು ಜನರಿಗೆ ವೆಬ್‌ಆರ್‌ಟಿಸಿಯಲ್ಲಿ ಕಳಿಸುವುದು ದುಬಾರಿ ಅಂತ ನನಗೂ ಅರ್ಥವಾಗುತ್ತದೆ. ಬರೀ 10 ಜನ ಒಬ್ಬರಿಗೊಬ್ಬರು ನೇರವಾಗಿ ಜೋಡಿಸಿಕೊಂಡರೇ 45 ಸಂಪರ್ಕ ಬೇಕು. ಅದಕ್ಕೇ ನಡುವೆ ಸರ್ವರ್ ಇಡುತ್ತಾರೆ, ಆ ಸರ್ವರ್‌ಗೆ ಖರ್ಚಿದೆ. ಭಾಷಣ ಕೇಳಿಸಲು ಎಚ್‌ಎಲ್‌ಎಸ್ ಧಾರಾಳ ಸಾಕು. ಆದರೆ ಅದನ್ನು 'ಸಂವಾದ' ಅಂತ ಮಾರಬೇಡಿ. 100 ದಾಟಿದ ಕೂಡಲೇ ನನ್ನ ಪರದೆಯಲ್ಲಿ 'ಈಗ 25 ಸೆಕೆಂಡ್ ತಡವಾಗುತ್ತದೆ' ಅಂತ ಒಂದು ಸಾಲು ಬಂದಿದ್ದರೆ ನಾನೇ ಪಾಠದ ರೀತಿ ಬದಲಿಸುತ್ತಿದ್ದೆ. ಅಥವಾ ಜನರನ್ನು ಎರಡು ಗುಂಪು ಮಾಡುತ್ತಿದ್ದೆ.

ಆಫೀಸ್ ನೆಟ್‌ವರ್ಕ್‌ನಿಂದ ಬಂದ ಕೆಲವರಿಗೆ ಶನಿವಾರದ ಮೀಟಿಂಗ್‌ಗಳಲ್ಲಿ ಬರೀ ಕಪ್ಪು ಪರದೆ ಕಂಡಿದ್ದು ಇನ್ನೊಂದು ಸಮಸ್ಯೆ. ಅಲ್ಲಿನ ನೆಟ್‌ವರ್ಕ್ ಕಾಯುವ ಫೈರ್‌ವಾಲ್, ಲೈವ್ ವಿಡಿಯೋ ಸಾಮಾನ್ಯವಾಗಿ ಬರುವ ಯುಡಿಪಿ ಎಂಬ ದಾರಿಯನ್ನು ಬಿಡುವುದಿಲ್ಲ. ಹಾಗಿರುವಾಗ ವಿಡಿಯೋವನ್ನು ಟರ್ನ್ ಎಂಬ ನಡುವಿನ ಸರ್ವರ್ ಮೂಲಕ, ಸಾಮಾನ್ಯ ವೆಬ್‌ಸೈಟ್‌ಗಳು ಬಳಸುವ 443ನೇ ಪೋರ್ಟ್‌ನಲ್ಲಿ ಹಾಯಿಸಬೇಕಂತೆ. ಆ ಸೌಲಭ್ಯ ನಿಮ್ಮ ದೊಡ್ಡ ಯೋಜನೆಯಲ್ಲಿ ಮಾತ್ರ ಇದೆ ಅಂತ ಈಗ ತಿಳಿಯಿತು. ಕೊಳ್ಳುವ ಮೊದಲು ಹೇಳಬೇಕಾದ ಮಾತಲ್ವಾ ಇದು? ಅದನ್ನೂ ನಿಮ್ಮವರು 'ಭಾಗವಹಿಸುವವರ ಇಂಟರ್ನೆಟ್ ಸಮಸ್ಯೆ' ಅಂತಲೇ ಬರೆದು ಕೈತೊಳೆದುಕೊಂಡರು.

ರೆಕಾರ್ಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಂತು, ನಾಲ್ಕು ದಿನ ತಡವಾಗಿ. ಸೂಜಿಯ ಕಣ್ಣು ಕಾಣಿಸುವಷ್ಟು ಸ್ಪಷ್ಟ ಇಲ್ಲ, ಆದರೆ ಬಂತು.

ಕೊನೆಯದು ಸಣ್ಣ ವಿಷಯ ಅಲ್ಲ. ವೆಬಿನಾರ್‌ಗೆ ಹೆಸರು ಕೊಟ್ಟ 212 ಜನರ ಈಮೇಲ್ ನಿಮ್ಮ ಹತ್ತಿರ ಇದೆ. ಮುಂದಿನ ವಾರವೇ ಅವರಲ್ಲಿ ಹಲವರಿಗೆ 'ನೀವೂ ವೆಬಿನಾರ್ ಶುರು ಮಾಡಿ' ಅಂತ ನಿಮ್ಮ ಜಾಹೀರಾತು ಹೋಗಿದೆ. ಅವರು ವಿಳಾಸ ಕೊಟ್ಟಿದ್ದು ನನ್ನ ಪಾಠಕ್ಕೆ, ನನ್ನನ್ನು ನಂಬಿ. ನೋಂದಣಿ ಫಾರ್ಮ್‌ನಲ್ಲಿ ಅದಕ್ಕೆ ಒಪ್ಪಿಗೆ ಕೇಳುವ ಜಾಗವೇ ಇಲ್ಲ. ಫಾರ್ಮ್ ಮಾಡಿದ್ದು ನೀವೇ, ಹಾಗಾಗಿ ಇದು ನಿಮಗೆ ಚೆನ್ನಾಗಿಯೇ ಗೊತ್ತು.

ನನಗೆ ಬೇಕಾಗಿರುವುದು ಇಷ್ಟು. ಆ 212 ವಿಳಾಸಗಳನ್ನು ನಿಮ್ಮ ಪ್ರಚಾರದ ಪಟ್ಟಿಯಿಂದ ಕೂಡಲೇ ತೆಗೆದು, ತೆಗೆದಿದ್ದೇವೆ ಅಂತ ನನಗೆ ಬರೆದು ಕೊಡಿ. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಇದು. ನೀವು ಹಂಚುವ ಆ ಒಂದು ಸಾಲು ಕೋಡ್ ಸರಿಪಡಿಸಿ. ನಾನು ನನ್ನ ಪುಟದಲ್ಲಿ 'ಅಲೋ' ಸೇರಿಸಿಕೊಂಡಿದ್ದೇನೆ, ಈಗ ಕ್ಯಾಮೆರಾ ಬರುತ್ತಿದೆ. ಆದರೆ ಕೋಡ್ ಗೊತ್ತಿರುವ ಗೆಳತಿ ಎಲ್ಲರಿಗೂ ಇರುವುದಿಲ್ಲ. ಆ 'ನಿರಾಕರಿಸಿದ್ದೀರಿ' ಎಂಬ ಮಾತನ್ನೂ ಬದಲಿಸಿ. 500 ಜನರ ಸಂವಾದ ಕೊಡಲು ಆಗುವುದಾದರೆ ಕೊಡಿ, ಆಗದಿದ್ದರೆ ಉಳಿದ 9 ತಿಂಗಳ ಚಂದಾ ಹಣ ವಾಪಸ್ ಮಾಡಿ. ಒಂದು ತಿಂಗಳು ಉಚಿತ ಅಂತ ಕೂಪನ್ ಕಳಿಸಬೇಡಿ, ಅದು ನನಗೆ ಬೇಡ.

ಇನ್ನೊಂದು ಕೋರಿಕೆ ಇದೆ, ಇದಕ್ಕೆ ನಿಮಗೆ ಖರ್ಚೇನೂ ಇಲ್ಲ. ಆ ಶನಿವಾರದ ತೊಂದರೆ ನಮ್ಮ ಕೋಡ್‌ನಿಂದ ಆಗಿದ್ದು, ಭಾಗವಹಿಸಿದವರದ್ದು ಏನೂ ತಪ್ಪಿಲ್ಲ ಅಂತ ನಿಮ್ಮ ಕಡೆಯಿಂದ ಎರಡು ಸಾಲು ಬರೆದು ಕೊಡಿ. ನಾನು ಹೇಳಿದರೆ ಆ ಅಮ್ಮ ನಂಬುತ್ತಿಲ್ಲ, ಸುಮ್ನೆ ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಿದ್ದಾರೆ. ಕಂಪನಿಯಿಂದಲೇ ಬಂದರೆ ಅವರಿಗೆ ಓದಿ ಹೇಳಬಹುದು.

15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ಕಡೆಗೆ ಇದೇ ಪತ್ರ, ಇದೇ ದಾಖಲೆಗಳ ಜೊತೆ ಹೋಗುತ್ತದೆ. ಮುಚ್ಚಿದ ನನ್ನ ದೂರಿನ ಟಿಕೆಟ್ ಮತ್ತೆ ತೆರೆಯಿರಿ, ಕೋಡ್ ಓದಲು ಬರುವವರ ಕೈಗೇ ಕೊಡಿ. ಕ್ಯಾಶೆ ತೆರವುಗೊಳಿಸಿ ಅಂತ ಮಾತ್ರ ಬರೆಯಬೇಡಿ. 14 ಜನರೂ ತೆರವು ಮಾಡಿಯಾಗಿದೆ, ಆ ಅಮ್ಮ ಎರಡು ಸಲ.

ಇತಿ,
ನಿಮ್ಮ ಗ್ರಾಹಕಿ

ಲಗತ್ತು: ನೀವು ಕೊಟ್ಟ ಕೋಡ್ ಮತ್ತು ಸರಿಪಡಿಸಿದ ಕೋಡ್, ಬ್ರೌಸರ್ ಕನ್ಸೋಲ್‌ನಲ್ಲಿ ಕೆಂಪಕ್ಷರದಲ್ಲಿ ಬಂದ ದೋಷದ ಸ್ಕ್ರೀನ್‌ಶಾಟ್, ವೆಬಿನಾರ್‌ನ ಚಾಟ್ ಪ್ರತಿ, ಮುಚ್ಚಿದ ಮೂರು ಟಿಕೆಟ್‌ಗಳ ಉತ್ತರಗಳು.