ಮಳೆ ಬಂದರೂ ಭತ್ತ ಉಳಿಯುತ್ತಿಲ್ಲ

ಸಂಪಾದಕರಿಗೆ ನಮಸ್ಕಾರ.

ಖಾನಾಪುರ ಮಳೆ ಸೀಮೆ, ಅಲ್ಲಿನ ರೈತರಿಗೇನು ಕಷ್ಟ ಅನ್ನುವವರೇ ಜಾಸ್ತಿ. ಮಲಪ್ರಭೆ ಹುಟ್ಟುವ ಕಣಕುಂಬಿ ನಮ್ಮ ತಾಲ್ಲೂಕಿನದೇ, ನಿಜ. ಆದರೆ ನಮ್ಮ ಗದ್ದೆಗೆ ಕಾಲುವೆ ಇಲ್ಲ. ರೋಹಿಣಿ ಮಳೆ ನಂಬಿ ಕೂರಿಗೆಯಲ್ಲಿ ಭತ್ತ ಬಿತ್ತುತ್ತೇವೆ. ಅದರ ಹಿಂದೆ ಬರುವ ಮಿರಗ (ಮೃಗಶಿರಾ ಮಳೆ) ಕೈಕೊಟ್ಟರೆ ಮೊಳಕೆ ಒಣಗುತ್ತದೆ, ಮತ್ತೆ ಬೀಜ ಕೊಳ್ಳಬೇಕು.

ಈಗ ಭೂಮಿಯೇ ಬಿಸಿಯಾಗುತ್ತಿದೆ, ಮಳೆಯ ರೀತಿ ಬದಲಾಗಿದೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹಾಗಾಗಿ ಸುರಿದರೆ ಒಮ್ಮೆಲೇ ಸುರಿಯುತ್ತದೆ, ನಡುವೆ ದಿನಗಟ್ಟಲೆ ಬಿಸಿಲು. 2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆ ನೆರೆಯಲ್ಲಿ ನಲುಗಿತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳಲ್ಲಿ ಬರ. ಹೂ ಬಿಡುವಾಗ ಬಿಸಿಲು 35 ಡಿಗ್ರಿ ದಾಟಿದರೆ ಕಾಳು ಜೊಳ್ಳು. ಕೊಯ್ದ ಮೇಲೆ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ. ಆ ತೆನೆ ಕೈಯಲ್ಲಿ ಹಿಡಿದು ನಿಂತಾಗ ಆಗುವ ಸಂಕಟ ಹೇಳತೀರದು.

ಆದರೂ ಪರಿಹಾರ ಕೇಳಲು ಹೋದರೆ ಅಧಿಕಾರಿಗಳು, 'ಒಟ್ಟು ಮಳೆ ವಾಡಿಕೆಯಷ್ಟೇ ಬಂದಿದೆಯಲ್ಲ' ಅನ್ನುತ್ತಾರೆ. ಮೂರು ದಿನದಲ್ಲಿ ಬಂದು ಹಳ್ಳ ಸೇರಿದ ನೀರು ಬೆಳೆಗೆ ಸಿಕ್ಕಂತೆ ಆಯ್ತಾ? ಬೆಳೆ ನಷ್ಟ ಅಳೆಯುವಾಗ ಮಳೆ ಬಾರದ ದಿನಗಳನ್ನೂ ಎಣಿಸಿ. ಬೇಗ ಕೊಯ್ಲಿಗೆ ಬರುವ ತಳಿಯ ಬೀಜ ಮೇ ತಿಂಗಳಲ್ಲೇ ಕೊಡಿ. ಮೇಲಿನ ಗದ್ದೆಗಳಿಗೆ ಕೃಷಿಹೊಂಡ ಬೇಕೇ ಬೇಕು, ಮುಂದಿನ ರೋಹಿಣಿಯೊಳಗೆ.

— ಭತ್ತ ಬೆಳೆಗಾರ, ಖಾನಾಪುರ ತಾಲ್ಲೂಕು, ಬೆಳಗಾವಿ ಜಿಲ್ಲೆ